ಮುರಿದ ಹಲ್ಲೂ ಮಮಕಾರವೂ

ದೇಹದಲ್ಲಿ ‘ನನ್ನದು’ ಎಂಬ ಭಾವವು ಯಾವುದನ್ನು ಆಶ್ರಯಿಸಿ ನಿಂತಿದೆ ಎಂಬ ಪ್ರಶ್ನೆಯನ್ನು ವೇದಾಂತಿಗಳೂ ಬೌದ್ಧರೂ ಶತಮಾನಗಳ ಕಾಲ ಚರ್ಚಿಸಿದ್ದಾರೆ. ದವಡೆಹಲ್ಲೊಂದು ಅರ್ಧಕ್ಕೆ ಮುರಿದು, ಉಳಿದ ಮೋಟನ್ನು ತೇದು, ದಂತವೈದ್ಯರು ಅದರ ಮೇಲೆ ಜಿರ್ಕೋನಿಯದ ಕ್ಯಾಪನ್ನು ಕೂರಿಸಿದ ಮೇಲೆ, ಆ ಪ್ರಶ್ನೆಯು ನನಗೆ ಬರಿಯ ಶಾಸ್ತ್ರಚರ್ಚೆಯಾಗಿ ಉಳಿಯಲಿಲ್ಲ.

ಹಲ್ಲನ್ನು ನಮ್ಮ ಪ್ರಾಚೀನರು ಅಲ್ಪವೆಂದು ಎಣಿಸಿದವರಲ್ಲ. ಚರಕಸಂಹಿತೆಯು ದೇಹದ ಅಸ್ಥಿಗಳನ್ನು 360 ಎಂದು ಗಣಿಸುವಾಗ 32 ಹಲ್ಲುಗಳನ್ನೂ ಅವು ನೆಲೆಗೊಂಡ 32 ಕುಳಿಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಹಲ್ಲು ಮೂಡುವ ಮುನ್ನವೇ ಶಿಶುವು ತೀರಿಕೊಂಡರೆ ಬಂಧುಗಳಿಗೆ ಸದ್ಯಃಶೌಚವೆಂದೂ, ಮೂಡಿದ ಮೇಲಾದರೆ ಸೂತಕ ಹೆಚ್ಚೆಂದೂ ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ವಸಡನ್ನು ಸೀಳಿ ಬಂದ ಒಂದು ಹಲ್ಲಿನಿಂದ ಶಿಶುವಿನ ಬಾಂಧವ್ಯವೇ ಗಟ್ಟಿಯಾಗುವುದಾದರೆ, ಹಲ್ಲು ಮುರಿದವನಿಗೆ ತನ್ನದೇನೋ ನಷ್ಟವಾಯಿತೆಂಬ ವ್ಯಥೆಯು ಸಹಜವೇ ಸರಿ.

ಆದರೆ ಆ ನಷ್ಟವಾದುದು ಏನು? ಹಲ್ಲಿನ ಹೊರಮೈಯಾದ ಎನಾಮಲ್‌ನಲ್ಲಿ ಜೀವಕೋಶವೂ ಇಲ್ಲ, ನರವೂ ಇಲ್ಲ; ಅದನ್ನು ಕಟ್ಟಿದ ಕೋಶಗಳು ಹಲ್ಲು ಹೊರಗೆ ಮೂಡುವಷ್ಟರಲ್ಲಿ ಅಳಿದುಹೋಗಿರುತ್ತವೆ; ಮುರಿದ ಎಲುಬು ಕೂಡಿಕೊಳ್ಳುತ್ತದಾದರೂ ಮುರಿದ ಎನಾಮಲ್ ಮತ್ತೆ ಬೆಳೆಯದಿರುವುದು ಇದರಿಂದಲೇ. ಜಡವಸ್ತುವೊಂದು ಹೋದೆಡೆಗೆ ಇನ್ನೊಂದು ಜಡವಸ್ತು ಬಂದಿತು, ಅಷ್ಟೆ.

ಕ್ಯಾಪನ್ನು ಅಂಟಿಸುವ ಹೊತ್ತಿನಲ್ಲಿ ವೈದ್ಯರು ನೀಲಿಬಣ್ಣದ ತೆಳುಕಾಗದವೊಂದನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿ, ಮಚ್ಚೆ ಗಾಢವಾಗಿ ಬಿದ್ದೆಡೆಯನ್ನು ಕೊಂಚಕೊಂಚವೇ ಉಜ್ಜಿ, “ಈಗಲೂ ಎತ್ತರ ಅನ್ನಿಸುತ್ತದೆಯೇ?” ಎಂದು ಮತ್ತೆ ಮತ್ತೆ ಕೇಳಿದರು. ರೂಟ್ ಕೆನಾಲ್ ಆಗಿ ಒಳಗಿನ ನರವನ್ನು ತೆಗೆದಿದ್ದ ಆ ಹಲ್ಲಿಗೂ ಕೂದಲೆಳೆಯ ಎತ್ತರ ತಿಳಿಯುತ್ತಿತ್ತು. ಏಕೆಂದರೆ ಕಚ್ಚಿದ ಒತ್ತಡವನ್ನು ಅರಿಯುವ ನರಾಗ್ರಗಳು ಇರುವುದು ಬೇರನ್ನು ದವಡೆಯೆಲುಬಿಗೆ ಬಿಗಿದಿರುವ ತಂತುಗಳಲ್ಲಿ. ಮೊದಮೊದಲು ನಾಲಗೆಯು ಕ್ಯಾಪನ್ನು ಪರಕೀಯವೆಂದು ತಡವಿ ನೋಡುತ್ತಿದ್ದಿತು. ಬರಬರುತ್ತ, ಎಂದಿನಿಂದ ಎಂದು ಹೇಳಲಾಗದಂತೆ, ಅದೂ ‘ನನ್ನ ಹಲ್ಲು’ ಆಯಿತು.

ನಾಗಾರ್ಜುನನದೆಂದು ಪ್ರಸಿದ್ಧವಾದ, ಐದನೆಯ ಶತಮಾನದ ಆದಿಯಲ್ಲಿ ಕುಮಾರಜೀವನು ಚೀನೀ ಭಾಷೆಗೆ ತಂದ ಪ್ರಜ್ಞಾಪಾರಮಿತಾ ವ್ಯಾಖ್ಯಾನದಲ್ಲಿ ಒಂದು ಕಥೆಯುಂಟು. ಪಾಳುಮನೆಯಲ್ಲಿ ಇರುಳು ತಂಗಿದ ಪಥಿಕನೊಬ್ಬನ ಅಂಗಗಳನ್ನು ಒಂದು ಪಿಶಾಚಿಯು ಒಂದೊಂದಾಗಿ ಕೀಳುತ್ತಿರಲು, ಇನ್ನೊಂದು ಪಿಶಾಚಿಯು ಶವವೊಂದರ ಅಂಗಗಳನ್ನು ಆಯಾ ಸ್ಥಾನಕ್ಕೆ ಜೋಡಿಸುತ್ತದೆ. ತನಗೆ ದೇಹವಿದೆಯೋ ಇಲ್ಲವೋ ಎಂದು ಅರಿಯದೆ ಆತನು ಭಿಕ್ಷುಗಳನ್ನು ಕೇಳಲಾಗಿ, ಇಂದು ಮಾತ್ರವಲ್ಲ, ಮೊದಲಿನಿಂದಲೂ ಅದರಲ್ಲಿ ‘ನಾನು’ ಎಂಬುದು ಇರಲಿಲ್ಲವೆಂದು ಅವರು ತಿಳಿಸುತ್ತಾರೆ. ಅದ್ವೈತಿಯಾದರೋ, ದೇಹವು ನೀನಲ್ಲ, ಅದನ್ನು ಅರಿಯುವ ಸಾಕ್ಷಿಯೇ ನೀನು ಎಂದು ಇಲ್ಲಿ ತಡೆದಾನು. ಆ ವಿವಾದವನ್ನು ಹಲ್ಲೊಂದು ತೀರ್ಮಾನಿಸಲಾರದು. ಮಮಕಾರವು ದ್ರವ್ಯದ ಗುಣವಲ್ಲ, ರೂಢಿಯಿಂದ ಬಂದುದು ಎಂಬಲ್ಲಿ ಮಾತ್ರ ಇಬ್ಬರ ಪಕ್ಷಕ್ಕೂ ಅದು ಸಾಕ್ಷ್ಯ ಹೇಳುತ್ತದೆ.

ಇದರಿಂದ ದೇಹವು ಉಪೇಕ್ಷಣೀಯವೆಂದು ವಾದಿಸುವವರ ಮಾತನ್ನು ನಾನು ಒಪ್ಪಲಾರೆ. ಅನಾತ್ಮವನ್ನು ಬೋಧಿಸಿದ ಬುದ್ಧನೇ ಭಿಕ್ಷುಗಳಿಗೆ ದಂತಕಾಷ್ಠವನ್ನು ಅನುಮತಿಸಿ, ಅದರ ಐದು ಪ್ರಯೋಜನಗಳನ್ನು ಎಣಿಸಿ ಹೇಳಿದನೆಂದು ವಿನಯಪಿಟಕದಿಂದ ತಿಳಿಯುತ್ತದೆ. ನನ್ನದೆಂಬ ಅಭಿಮಾನ ಅಳಿದ ಮೇಲೂ ಕಾಪಾಡುವ ಹೊಣೆಯು ಅಳಿಯತಕ್ಕದ್ದಲ್ಲ. ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲವೆಂಬ ಧೈರ್ಯದಲ್ಲಿ ಅನೇಕರು ಉದಾಸೀನರಾಗುತ್ತಾರೆ. ಹುಳುಕು ಹಿಡಿಯುವುದು ಕ್ಯಾಪು ಮುಗಿದು ಸ್ವಂತ ಹಲ್ಲು ತೊಡಗುವ ವಸಡಿನಂಚಿನಲ್ಲಿ. ಕ್ಯಾಪು ಹಾಕಿಸಿಕೊಂಡ ವಾಚಕರು ಆ ಅಂಚನ್ನು ಬೆಳಗ್ಗೆಯೂ ರಾತ್ರಿಯೂ ತಪ್ಪದೆ ಉಜ್ಜಿ ಶುಚಿಯಾಗಿಡಬೇಕೆಂದು ಪ್ರಾರ್ಥಿಸುತ್ತೇನೆ.