ಒಡಲು ಒಂದು, ಉಸಿರು ಒಂದು

ಸ್ಕಾಟ್ಲೆಂಡಿನ ಫೋರ್ತ್ ಕೊಲ್ಲಿಯಲ್ಲಿ ಕಡಲು ಇಳಿದಾಗ ಬಂಡೆಗಳ ಸಂದಿಗೆ ಬಗ್ಗಿ ನೋಡಿದರೆ ಹ್ಯಾಲಿಕಾಂಡ್ರಿಯಾ ಪ್ಯಾನಿಸಿಯಾ ಎಂಬ ಸ್ಪಂಜು ಕಲ್ಲಿಗೆ ಕಚ್ಚಿಕೊಂಡು ಹರಡಿರುತ್ತದೆ. ಬೆಳಕು ಬೀಳುವಲ್ಲಿ ಹಸಿರು, ನೆರಳಿನಲ್ಲಿ ಮಾಸಲು ಹಳದಿ. ಮೈತುಂಬ ಪುಟ್ಟ ದಿಬ್ಬಗಳು, ದಿಬ್ಬದ ನೆತ್ತಿಯಲ್ಲೊಂದು ತೂತು. ಮೂಗು ಹತ್ತಿರ ಒಯ್ದರೆ ಸುಟ್ಟ ಮದ್ದಿನ ವಾಸನೆ. ತಲೆಯಿಲ್ಲ, ಹೊಟ್ಟೆಯಿಲ್ಲ, ನರವೊಂದೂ ಇಲ್ಲ. ಇದಕ್ಕೆಷ್ಟು ಇಂದ್ರಿಯ? ಜೈನರ ಮನೆಯಲ್ಲಿ ಬೆಳೆದ ನನಗೆ ಮೊದಲು ಏಳುವ ಪ್ರಶ್ನೆ ಇದು. ಗಿಡಮರ ಏಕೇಂದ್ರಿಯ, ಶಂಖ ಮತ್ತು ಹುಳು ದ್ವೀಂದ್ರಿಯ. ಸ್ಪಂಜು ಗಿಡದಂತೆ ನಿಂತಲ್ಲೇ ನಿಲ್ಲುತ್ತದೆ, ಪ್ರಾಣಿಯಂತೆ ತಿನ್ನುತ್ತದೆ.

ಇದೇ ದಂಡೆಯ ಪ್ರೆಸ್ಟನ್‌ಪ್ಯಾನ್ಸ್‌ನಲ್ಲಿ ಮನೆ ಮಾಡಿಕೊಂಡಿದ್ದ ರಾಬರ್ಟ್ ಗ್ರಾಂಟ್ 1820ರ ದಶಕದಲ್ಲಿ ಜೀವಂತ ಸ್ಪಂಜನ್ನು ಸೂಕ್ಷ್ಮದರ್ಶಕದಡಿ ಇಟ್ಟು, ತೂತಿನಿಂದ ನೀರು ಚಿಮ್ಮುವುದನ್ನು ಕಂಡರು. ನೀರು ಒಳಬರುವುದು ಕಣ್ಣಿಗೆ ಕಾಣದ ರಂಧ್ರಗಳಿಂದ. ಒಳಗಿನ ಕೋಶಗಳು ಚಾಟಿಯಂಥ ಎಳೆ ಬೀಸಿ ಅದನ್ನು ಸೆಳೆಯುತ್ತವೆ, ಬ್ಯಾಕ್ಟೀರಿಯಾ ಸೋಸಿ ತಿನ್ನುತ್ತವೆ. ಊಟ, ಉಸಿರು ಎರಡೂ ಆ ಒಂದೇ ನೀರಿನಲ್ಲಿ.

ಇಲ್ಲಿ ನನಗೆ ಗೊಮ್ಮಟಸಾರ ನೆನಪಾಗುತ್ತದೆ. ಚಾವುಂಡರಾಯನ ಗುರು ನೇಮಿಚಂದ್ರರ ಈ ಗ್ರಂಥಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡ ವೃತ್ತಿ ಬರೆದ. ನಿಗೋದ ಜೀವಗಳ ವಿಷಯ ಅಲ್ಲಿ ಬರುತ್ತದೆ: ಒಂದೇ ಶರೀರದಲ್ಲಿ ಅನಂತ ಜೀವಗಳು, ಆಹಾರವೂ ಉಸಿರಾಟವೂ ಎಲ್ಲಕ್ಕೂ ಸಾಧಾರಣ. ಸ್ಪಂಜೇ ನಿಗೋದ ಎಂದು ಸಾಧಿಸಲು ನಾನು ಹೊರಟಿಲ್ಲ. ಶಾಸ್ತ್ರವನ್ನು ವಿಜ್ಞಾನಕ್ಕೆ ಹಾಗೆ ಗಂಟುಹಾಕುವುದು ಎರಡಕ್ಕೂ ಅವಮಾನ. ಆದರೆ ಒಂದು ಒಡಲೆಂದರೆ ಒಂದೇ ಜೀವ ಆಗಿರಬೇಕಿಲ್ಲ ಎಂದು ಯೋಚಿಸುವ ಧೈರ್ಯ ಅವರಿಗಿತ್ತು.

1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಬೇರೊಂದು ಜಾತಿಯ ಕೆಂಪು ಸ್ಪಂಜನ್ನು ರೇಷ್ಮೆ ಬಟ್ಟೆಯಲ್ಲಿ ಹಿಂಡಿದರು. ಬಿಡಿಬಿಡಿಯಾದ ಕೋಶಗಳು ಒಂದಕ್ಕೊಂದು ಅಂಟಿ ಮತ್ತೆ ಸ್ಪಂಜುಗಳಾದವು. ಹಳೆಯದು ಸತ್ತಿತೇ? ಜೀವ ಅಖಂಡ ಎನ್ನುವ ನಮಗೆ ಇದು ಸುಲಭದ ಪ್ರಶ್ನೆಯಲ್ಲ, ನನಗಿನ್ನೂ ಉತ್ತರ ಸಿಕ್ಕಿಲ್ಲ.

ಬಟ್ಟೆಯಲ್ಲಿ ಸೋಸುವುದು ನಮ್ಮ ಮನೆಯಲ್ಲೂ ಇತ್ತು. ಅಜ್ಜಿ ಎರಡು ಮಡಿಕೆ ಬಟ್ಟೆಯನ್ನು ಕೊಡದ ಬಾಯಿಗೆ ಹಾಸಿ ನೀರು ಸೋಸುತ್ತಿದ್ದರು. ಆಮೇಲೆ ಬಟ್ಟೆ ಮಗುಚಿ, ಸೋಸಿದ ನೀರಿನಿಂದಲೇ ಜಾಲಿಸಿ, ಆ ನೀರನ್ನು ಅದೇ ಬಾವಿಗೆ ಮರಳಿಸುವರು. ಮೇಲಿಂದ ಸುರಿಯುತ್ತಿರಲಿಲ್ಲ, ಬಿಂದಿಗೆಯನ್ನು ನೀರಿನ ಮಟ್ಟದವರೆಗೆ ಇಳಿಸುತ್ತಿದ್ದರು. ಅಲ್ಲಿದ್ದ ಜೀವಗಳು ಎಷ್ಟು, ಅವಕ್ಕೆ ನೋವಿದೆಯೇ ಎಂಬುದು ತೀರ್ಮಾನವಾಗಲಿ ಎಂದು ಅವರು ಕಾಯಲಿಲ್ಲ.

ಅರಿಸ್ಟಾಟಲನ ದಾರಿ ಬೇರೆ. ಕೀಳಲು ಹೋದರೆ ಸ್ಪಂಜು ಮುದುಡಿಕೊಳ್ಳುತ್ತದಂತೆ, ಅದಕ್ಕೆ ಸಂವೇದನೆಯುಂಟು ಎನ್ನಲು ಅದೇ ಸಾಕ್ಷಿಯಂತೆ ಎಂದು ಬರೆದು, ಟೊರೋನೆ ಊರಿನವರು ಇದನ್ನು ಒಪ್ಪುವುದಿಲ್ಲ ಎಂದೂ ಸೇರಿಸಿದ. ಸ್ಪಂಜು ನಿಜಕ್ಕೂ ಮುದುಡುತ್ತದೆ, ತೀರ ನಿಧಾನವಾಗಿ, ನರಗಳಿಲ್ಲದೆಯೇ. ಆದರೂ ಅದು ನೋವೆಂದು ಹೇಳಲು ಬಾರದು. ಪುರಾವೆ ಒದಗಿಸುವ ಹೊರೆಯನ್ನು ಆ ಮೂಕ ಜೀವದ ಮೇಲೆ ಹೊರಿಸುವುದೇ ನನಗೆ ಒಪ್ಪಿಗೆಯಿಲ್ಲ. ಕೈ ನನ್ನದು, ಹೊರೆಯೂ ನನ್ನದೇ ಆಗಬೇಕು. ಸ್ಪಂಜೂ ಬ್ಯಾಕ್ಟೀರಿಯಾ ಕೊಲ್ಲುತ್ತದಲ್ಲ, ಕಡಲ ಗೊಂಡೆಹುಳು ಸ್ಪಂಜನ್ನೇ ಮೇಯುತ್ತದಲ್ಲ ಎಂದರೆ, ಹೌದು; ಅವಕ್ಕೆ ಬೇರೆ ಊಟವಿಲ್ಲ. ನನಗೆ ಆ ಬಂಡೆಯಿಂದ ಏನೂ ಬೇಕಾಗಿಲ್ಲ.

ದಂಡೆಗೆ ಬರುವ ಮಕ್ಕಳು ಏಡಿ ಹುಡುಕಲು ಕಲ್ಲು ಮಗುಚುತ್ತಾರೆ, ಮರೆತು ಹಾಗೇ ಬಿಟ್ಟು ಓಡುತ್ತಾರೆ. ಅಡಿಯಲ್ಲಿದ್ದ ಸ್ಪಂಜು ಬಿಸಿಲಿಗೆ ಒಣಗುತ್ತದೆ. ಕಲ್ಲನ್ನು ಇದ್ದ ಹಾಗೇ ಇಡಿ ಎನ್ನುತ್ತೇನೆ. ಅದಕ್ಕೆ ನೋವಾಗುತ್ತದೆಯೇ ಎಂದು ಅವರು ಕೇಳಿದರೆ, ಮೊದಲು ಕಲ್ಲು ಇಡಿ, ಆಮೇಲೆ ಕೂತು ಮಾತಾಡೋಣ ಎನ್ನುತ್ತೇನೆ.