ಮೆರುಗಿನ ಮರ್ಯಾದೆ

ಮೊದಲ ಸಲ ಮರ ಕೆತ್ತಿದವನಿಗೆ ಕೆತ್ತನೆ ಮುಗಿದ ದಿನವೇ ಒಂದು ಧರ್ಮಸಂಕಟ ಎದುರಾಗುತ್ತದೆ. ರೂಪ ತುಸು ಓರೆಯಾಗಿದೆ; ಉಳಿ ಜಾರಿದ ಕಡೆ ಗೀರು ಬಿದ್ದಿದೆ. ಕಪ್ಪು ಬಣ್ಣವನ್ನು ಒಂದು ಕೈ ಬಳಿದರೆ ಎಲ್ಲವೂ ಮರೆಯಾದೀತೆಂದು ಮನಸ್ಸು ಹೇಳುತ್ತದೆ. ಬಳಿದರೆ ಅದು ಅಲಂಕಾರವೋ, ಸುಳ್ಳೋ? ಪ್ರಶ್ನೆ ಚಿಕ್ಕದು. ಆದರೆ ತನ್ನ ಕೆಲಸವನ್ನು ನಾಲ್ಕು ಜನರ ಮುಂದಿಡುವ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಇದಕ್ಕೆ ಉತ್ತರ ಹೇಳಲೇಬೇಕು.

ನಮ್ಮ ಸಂತೆಮರಹಳ್ಳಿಯಲ್ಲಿ ಹುಡುಗನೊಬ್ಬ ಹಲಸಿನ ತುಂಡಿನಲ್ಲಿ ಗಿಳಿಯನ್ನು ಕೆತ್ತಿದ. ಶಾಲೆಯ ವಸ್ತುಪ್ರದರ್ಶನದಲ್ಲಿ ಅದು ಬೀಟೆಮರದಂತೆ ಕಾಣಬೇಕೆಂದು ಅವನ ತಂದೆಯ ಆಸೆ. ಯಾವ ಬಣ್ಣ ಹಚ್ಚಬೇಕೆಂದು ಕೇಳಲು ಹೋದಾಗ ಹಿರಿಯ ಆಚಾರ್ರು ಗಿಳಿಯನ್ನು ಬೆಳಕಿಗೆ ಹಿಡಿದು ನೋಡಿ, “ಬಣ್ಣ ಗೀರು ಮುಚ್ಚದಿಲ್ಲ ಕನಪ್ಪ, ಎತ್ತಿ ತೋರುಸ್ತದೆ” ಎಂದರು.

ಇದು ಅಕ್ಷರಶಃ ನಿಜ. ಮರದ ಎಳೆಗೆ ಅಡ್ಡಲಾಗಿ ಉಪ್ಪುಕಾಗದ ಉಜ್ಜಿದ ಗುರುತು ಮೊದಲು ಕಣ್ಣಿಗೆ ಬೀಳುವುದಿಲ್ಲ; ತೆಳುಬಣ್ಣ ಹಚ್ಚಿದೊಡನೆ ಅಲ್ಲಿ ಬಣ್ಣವಿಳಿದು ಕಪ್ಪು ಗೆರೆಯೇಳುತ್ತದೆ. ಎಳೆ ಕತ್ತರಿಸಿದ ಕಡೆಯಲ್ಲಂತೂ ಮರ ಬಾಯಾರಿದಂತೆ ಬಣ್ಣ ಕುಡಿಯುತ್ತದೆ. ಆದ್ದರಿಂದ ಬಲ್ಲವನು ಎಳೆಯ ಉದ್ದಕ್ಕೆ, ಒರಟು ಕಾಗದದಿಂದ ನಯವಾದುದರವರೆಗೆ, ತಾಳ್ಮೆಯಿಂದ ಉಜ್ಜುತ್ತಾನೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎದ್ದು ನಿಂತ ನಾರನ್ನು ಮತ್ತೆ ಉಜ್ಜುತ್ತಾನೆ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಸವರಿ ಮರದ ದಾಹವನ್ನು ಹದಕ್ಕೆ ತರುತ್ತಾನೆ. ಅದೇ ಮರದ ಚೂರಿನ ಮೇಲೆ ಬಣ್ಣವನ್ನು ಪರೀಕ್ಷಿಸಿದ ಬಳಿಕವಷ್ಟೇ ಕೆತ್ತನೆಗೆ ಕೈಹಾಕುತ್ತಾನೆ. ‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ಒಳಗಿನ ಕೆಲಸ ಆಗದೆ ಮೇಲಿನ ಥಳುಕೇ ಬರದು.

ಹಾಗಾದರೆ ಬಣ್ಣವೇ ತಪ್ಪೆ? ಖಂಡಿತ ಅಲ್ಲ. ಚನ್ನಪಟ್ಟಣದ ಬೊಂಬೆಯನ್ನು ನೋಡಿ. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ಕೆಂಪು, ಆ ಹಳದಿ ತಾವು ಬಣ್ಣವೆಂದು ಸಾರಿ ಹೇಳುತ್ತವೆ; ಯಾರನ್ನೂ ವಂಚಿಸುವುದಿಲ್ಲ. 1912ರಲ್ಲಿ ಮುಗಿದ ಮೈಸೂರು ಅರಮನೆಯಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲಿದೆ. ಅಲ್ಲಿ ಬಿಳುಪು ದಂತದ್ದು, ಕಪ್ಪು ಮರದ್ದು. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆಗೆ ಗಂಧದ ಮೈಬಣ್ಣವೇ ಸಾಕು. ತಪ್ಪಿರುವುದು ಬಣ್ಣದಲ್ಲಲ್ಲ, ಹಲಸನ್ನು ಬೀಟೆಯೆಂದು ನಂಬಿಸುವ ಹಂಬಲದಲ್ಲಿ. ಹಲಸಿನ ಹಳದಿಯಾದರೋ ವರುಷಗಳು ಕಳೆದಂತೆ ತಾನಾಗಿಯೇ ಕಂದಾಗುತ್ತದೆ. ಕಾಲವೇ ಹಚ್ಚುವ ಬಣ್ಣಕ್ಕೆ ನಾವು ಅವಸರಪಡುತ್ತೇವೆ.

ಮೆರುಗು ನೋಡುವವರಿಗೆ ತೋರುವ ಗೌರವವಲ್ಲವೆ, ನೆಂಟರ ಮನೆಗೆ ಹೋಗುವಾಗ ಮಡಿಬಟ್ಟೆ ಉಡುವುದಿಲ್ಲವೆ ಎಂದು ಕೇಳಬಹುದು. ಒಪ್ಪತಕ್ಕ ಮಾತೇ. ಆದರೆ ಕೆತ್ತನೆಯ ಕೊರತೆಗಳೆಲ್ಲ ಒಂದೇ ಜಾತಿಯವಲ್ಲ. ಗೀರು ಅಸಡ್ಡೆಯ ಗುರುತು. ಅದನ್ನು ಉಜ್ಜಿ ತೆಗೆಯುವುದು ಕರ್ತವ್ಯ. ಕೊಕ್ಕಿನ ಓರೆ ಅಂದಿನ ಕೈಯ ಅಳತೆ; ಅದು ಉಳಿದರೆ ನಾಚಿಕೆಯಿಲ್ಲ. ಆ ಹುಡುಗ ಗೀರುಗಳನ್ನು ಉಜ್ಜಿ ತೆಗೆದ. ಓರೆಯನ್ನು ಹಾಗೆಯೇ ಬಿಟ್ಟು ಅಗಸೆ ಎಣ್ಣೆಯನ್ನಷ್ಟೇ ಸವರಿದ. ಬಹುಮಾನ ಬರಲಿಲ್ಲ. ತಂದೆಗೆ ಸ್ವಲ್ಪ ಬೇಸರವೂ ಆಯಿತು.

ಪಾಠ ಹೇಳುವ ನನ್ನಂಥವರಿಗೂ ಈ ವಿವೇಕ ಬೇಕು. ವಿದ್ಯಾರ್ಥಿಯ ಮೊದಲ ಪ್ರಬಂಧದ ಕಾಗುಣಿತವನ್ನು ತಿದ್ದಲೇಬೇಕು. ಆದರೆ ಪ್ರತಿ ವಾಕ್ಯವನ್ನೂ ನಮ್ಮ ವಾಕ್ಯವಾಗಿ ಬರೆದುಕೊಟ್ಟರೆ ಪ್ರಬಂಧ ಹೊಳೆದೀತು, ಬರೆದವನು ಮಾತ್ರ ಅದರಲ್ಲಿ ಇರುವುದಿಲ್ಲ. ಮುಂದೊಂದು ದಿನ ಅವನು ತಾನು ಎಲ್ಲಿಂದ ಹೊರಟೆನೆಂದು ತಿರುಗಿ ನೋಡಲು ಬಯಸಿದಾಗ, ನಾವು ಬಳಿದ ಕಪ್ಪನ್ನಲ್ಲದೆ ಬೇರೇನನ್ನೂ ಅವನು ಕಾಣಲಾರ.