ಹಾಸು ಹೊಕ್ಕು

ಬಲಿಪೂಜೆ ಕಾಣಿಕೆಯ ರಸೀದಿ ಬರೆಯುವವನು ನಾನು. ಗಂಡ ಹೆಂಡತಿ ಜೊತೆಗೇ ಬೆಟ್ಟ ಹತ್ತಿ ಬರುತ್ತಾರೆ, ರಸೀದಿ ಮಾತ್ರ ಬೇರೆ ಬೇರೆ. "ಇವಳಿಗೆ ಒಳ್ಳೇ ಬುದ್ಧಿ ಬರಲಿ ಅಂತ ಬರೀರಿ" ಎಂದು ಆತ. "ಇವರು ಕುಡಿಯೋದು ಬಿಡಲಿ ಅಂತ ಬರ್ಕೊಳ್ಳಿ ಸಾರ್" ಎಂದು ಆಕೆ.

ಹೆಂಡತಿ ಗಂಡನಿಗೆ ತಗ್ಗಿ ನಡೆಯಬೇಕೆಂದು ಸಂತ ಪೌಲರು ಎಫೆಸದವರಿಗೆ ಬರೆದದ್ದು ಗಂಡಸರಿಗೆಲ್ಲ ಬಾಯಿಪಾಠ. ಅದರ ಹಿಂದಿನ ವಚನದಲ್ಲೇ (5ನೇ ಅಧ್ಯಾಯ, 21) ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂದು ಇರುವುದು ಯಾರಿಗೂ ನೆನಪಿಲ್ಲ. ಗಂಡನಿಗಂತೂ, ಕ್ರಿಸ್ತರು ಧರ್ಮಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಬೇಕೆಂಬ ಆಜ್ಞೆ.

ರಾಂಪುರದ ಕಡೆಯವರು ಮೊಳಕಾಲ್ಮೂರಿನ ರೇಷ್ಮೆ ಮಗ್ಗ ಕಂಡವರೇ. ಹಾಸು ಹೊಕ್ಕು ಸರದಿಯಂತೆ ಮೇಲೆ ಕೆಳಗೆ ಹೋದರೇ ಸೀರೆ. ಒಂದೇ ಸದಾ ಮೇಲಿದ್ದರೆ ಬಟ್ಟೆ ನಿಲ್ಲೋದಿಲ್ಲ.

ಇಬ್ಬರೂ ಮಾತಾಡಿಕೊಂಡು ಬನ್ನಿ, ಒಂದೇ ರಸೀದಿ ಬರೆದುಕೊಡುತ್ತೇನೆ.